ವೈದ್ಯವಿಜ್ಞಾನಿ ಯೆಲ್ಲಾಪ್ರಗಡ ಸುಬ್ಬರಾಯರು

ಸಂನ್ಯಾಸವನ್ನು ಬಯಸಿ ಮಠದ ಬಾಗಿಲಿಗೆ ಬಂದ ತರುಣನನ್ನು ಹಿಂದಕ್ಕೆ ಕಳುಹಿಸುವುದು ಗುರುಗಳಿಗೆ ಸುಲಭವಾದ ಕಾರ್ಯವಲ್ಲ. ಬಂದವನ ವೈರಾಗ್ಯವು ನಿಜವಾದುದೆಂದು ತೋರಿದಾಗಲಂತೂ ಅದು ಇನ್ನೂ ಕಠಿನವಾಗುವುದು. ನೂರು ವರ್ಷಗಳಿಗೂ ಹಿಂದೆ ಮದರಾಸಿನ ಶ್ರೀರಾಮಕೃಷ್ಣ ಮಠದ ಯತಿಗಳು ಒಬ್ಬ ಆಂಧ್ರ ತರುಣನ ವಿಷಯದಲ್ಲಿ ಹೀಗೆ ಮಾಡಬೇಕಾಗಿ ಬಂದಿತು. ತಾಯಿಯ ಅನುಮತಿಯಿಲ್ಲದೆ ಕಾವಿಯನ್ನು ಕೊಡಲಾಗದೆಂದು ಅವರು ತಿಳಿಸಿದರು. ವೈದ್ಯವಿದ್ಯೆಯನ್ನು ಕಲಿತರೆ ದೀನರ ಸೇವೆಗೆ ದಾರಿಯುಂಟೆಂದು ಬುದ್ಧಿ ಹೇಳಿ ಅವನನ್ನು ಕಾಲೇಜಿನ ಕಡೆಗೆ ತಿರುಗಿಸಿದರು. ಆ ಮಾತನ್ನು ಶಿರಸಾವಹಿಸಿ ಹೊರಟ ತರುಣನೇ ಮುಂದೆ ಆನೆಕಾಲು ರೋಗಕ್ಕೆ ಮದ್ದನ್ನೂ, ರಕ್ತಹೀನತೆಗೆ ಔಷಧವನ್ನೂ, ಶಿಶುಗಳ ರಕ್ತದ ಅರ್ಬುದಕ್ಕೆ ಮೊದಲನೆಯ ತಡೆಯನ್ನೂ ಲೋಕಕ್ಕೆ ಒದಗಿಸಿಕೊಟ್ಟ ಯೆಲ್ಲಾಪ್ರಗಡ ಸುಬ್ಬರಾಯರು. ಅವರ ಹೆಸರನ್ನು ಕೇಳದವರು ನಮ್ಮಲ್ಲಿ ಬಹುಮಂದಿ ಇರುವರು; ಅವರ ಔಷಧವನ್ನು ಒಂದಲ್ಲ ಒಂದು ಕಾಲದಲ್ಲಿ ಸೇವಿಸದ ಮನೆಗಳು ಮಾತ್ರ ಅಪರೂಪವೆನ್ನಬೇಕು.

ಸುಬ್ಬರಾಯರು ೧೮೯೫ನೆಯ ಇಸವಿ ಜನವರಿ ೧೨ನೆಯ ದಿನ ಅಂದಿನ ಮದರಾಸು ಪ್ರಾಂತದ ಭೀಮವರಂ ಎಂಬ ಊರಿನಲ್ಲಿ ಜನಿಸಿದರು. ತಂದೆ ಜಗನ್ನಾಥಂ, ತಾಯಿ ವೆಂಕಮ್ಮ. ಏಳು ಮಂದಿ ಮಕ್ಕಳಲ್ಲಿ ಇವರು ನಾಲ್ಕನೆಯವರು. ಸಂಸಾರವು ದೊಡ್ಡದು, ಆದಾಯವು ಸಣ್ಣದು. ತಂದೆಯ ದೇಹಸ್ಥಿತಿ ಕೆಟ್ಟು ಮನೆಯ ಭಾರವೆಲ್ಲ ತಾಯಿಯ ಮೇಲೆ ಬಿದ್ದಿತು. ವೆಂಕಮ್ಮನವರು ದೃಢಚಿತ್ತದ ಹೆಣ್ಣುಮಗಳು. ಮಗನು ಓದಿ ಮುಂದೆ ಬರಬೇಕೆಂಬ ಒಂದೇ ಹಟ ಅವರದು. ಮಗನ ಚಿತ್ತವಾದರೋ ಓದಿನಲ್ಲಿ ನಿಲ್ಲಲಿಲ್ಲ. ಬಾಲಕನಾಗಿದ್ದಾಗಲೇ ಒಮ್ಮೆ ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಯ ಹಣ್ಣು ಮಾರಿ ಹಣ ಗಳಿಸುವೆನೆಂದು ಮನೆ ಬಿಟ್ಟು ಹೊರಟನು! ನಡುದಾರಿಯಲ್ಲಿಯೇ ಹಿಡಿದು ತಂದು ಮತ್ತೆ ಶಾಲೆಗೆ ಸೇರಿಸಬೇಕಾಯಿತು. ರಾಜಮಹೇಂದ್ರಿಯ ಶಾಲೆಯಲ್ಲಿ ವ್ಯಾಸಂಗವು ಕುಂಟುತ್ತ ಸಾಗಿತು. ಕೊನೆಗೆ ಮದರಾಸಿನ ಹಿಂದೂ ಹೈಸ್ಕೂಲಿನಿಂದ ಮೂರನೆಯ ಸಲ ಕುಳಿತಾಗ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾಯಿತು. ಮಕ್ಕಳು ಒಂದು ಸಲ ನಪಾಸಾದರೆ ಕೈಚೆಲ್ಲಿ ಕೂಡುವ ತಾಯಿತಂದೆಗಳು ಈ ಸಂಗತಿಯನ್ನು ಗಮನಿಸಬಹುದು.

೧೯೧೩ರಲ್ಲಿ ತಂದೆಯವರು ತೀರಿಕೊಂಡರು. ಸುಬ್ಬರಾಯರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಟರ್‌ಮೀಡಿಯೆಟ್ ತರಗತಿಗೆ ಸೇರಿದರು. ಗಣಿತದಲ್ಲಿ ಅವರಿಗೆ ಒಳ್ಳೆಯ ಗತಿಯಿದ್ದಿತು. ಆದರೆ ಮನಸ್ಸನ್ನು ಸೆಳೆದುದು ಶ್ರೀರಾಮಕೃಷ್ಣ ಮಠದ ಪರಿಸರ, ವಿವೇಕಾನಂದರ ಉಪದೇಶ. ಸಂನ್ಯಾಸಿಯಾಗಬೇಕೆಂಬ ಬಯಕೆ ಬಲವಾಯಿತು. ತಾಯಿ ಸರ್ವಥಾ ಒಪ್ಪಲಿಲ್ಲ. ಆಗ ನಡೆದುದೇ ಮೇಲೆ ಹೇಳಿದ ಸಂಗತಿ. ಇಲ್ಲಿ ತಾಯಿಯದು ತಪ್ಪೆಂದು ಹೇಳುವವರೂ ಉಂಟು. ವಿಧವೆಯಾದ ಆಕೆಯ ಕಷ್ಟವನ್ನು ನೋಡಿದರೆ ಹಾಗೆ ಹೇಳಲು ನಾಲಿಗೆ ಏಳದು.

೧೯೧೫ರಲ್ಲಿ ಸುಬ್ಬರಾಯರು ಮದರಾಸು ಮೆಡಿಕಲ್ ಕಾಲೇಜನ್ನು ಸೇರಿದರು. ೧೮೩೫ರಲ್ಲಿ ಸ್ಥಾಪಿತವಾದ ಈ ವಿದ್ಯಾಲಯವು ದಕ್ಷಿಣ ಭಾರತದಲ್ಲಿ ಪಾಶ್ಚಾತ್ಯ ವೈದ್ಯಕ್ಕೆ ತೌರುಮನೆಯೆನಿಸಿಕೊಂಡುದು. ಫೀಜು, ಪುಸ್ತಕ, ಊಟ, ವಸತಿ ಇವೆಲ್ಲಕ್ಕೂ ಹಣವು ಬೇಕು, ಮನೆಯಿಂದ ಬರುವಂತಿರಲಿಲ್ಲ. ಗೆಳೆಯರು ಕೈಲಾದುದನ್ನು ಕೊಟ್ಟರು. ಕಸ್ತೂರಿ ಸೂರ್ಯನಾರಾಯಣಮೂರ್ತಿ ಎಂಬ ಗೃಹಸ್ಥರು ವಿಶೇಷವಾಗಿ ನೆರವಾದರು. ಅವರ ಮಗಳು ಶೇಷಗಿರಿಯನ್ನೇ ಸುಬ್ಬರಾಯರು ೧೯೧೯ರಲ್ಲಿ ವರಿಸಿದರು. ಕಾವಿಯನ್ನು ಬಯಸಿದವರಿಗೆ ಹೀಗೆ ಕಂಕಣವು ಕೂಡಿಬಂದಿತು.

ಇದೇ ಕಾಲದಲ್ಲಿ ಮನೆಗೆ ಮತ್ತೊಂದು ಬರಸಿಡಿಲು ಎರಗಿತು. ಸುಬ್ಬರಾಯರ ಸಹೋದರರಿಬ್ಬರು ಅಲ್ಪಕಾಲದ ಅಂತರದಲ್ಲಿ ಒಂದೇ ರೋಗಕ್ಕೆ ತುತ್ತಾದರು. ನಮ್ಮ ಹಳ್ಳಿಗಳಲ್ಲಿ ಸಂಗ್ರಹಣಿಯೆಂದು ಕರೆಯುವ ಬೇನೆಯ ಜಾತಿಗೆ ಸೇರಿದ ಈ ರೋಗಕ್ಕೆ ಪಾಶ್ಚಾತ್ಯ ವೈದ್ಯರು ಸ್ಪ್ರೂ ಎಂದು ಹೆಸರಿಟ್ಟಿರುವರು. ಬಾಯಿ, ನಾಲಿಗೆಗಳು ಹುಣ್ಣಾಗುವುವು. ತಿಂದ ಅನ್ನವು ಮೈಗೆ ಹತ್ತದೆ ಭೇದಿಯಾಗಿ ಹೋಗುವುದು. ರಕ್ತವು ಬತ್ತಿ ರೋಗಿಯು ದಿನದಿನಕ್ಕೆ ಎಲುಬುಗೂಡಾಗುವನು. ಇಂಥ ರೋಗದ ಮುಂದೆ ಅಂದಿನ ವೈದ್ಯರು ಕೈಕಟ್ಟಿ ನಿಂತಿದ್ದರು. ಕಾಲೇಜಿನಲ್ಲಿ ವೈದ್ಯವನ್ನು ಕಲಿಯುತ್ತಿರುವ ಮಗನು ಮನೆಯಲ್ಲಿ ಸಾಯುತ್ತಿರುವ ಒಡಹುಟ್ಟಿದವರಿಗೆ ಏನನ್ನೂ ಮಾಡಲಾರದೆ ಹೋದನು. ಕೆಲಕಾಲದ ಮೇಲೆ ಅದೇ ವ್ಯಾಧಿಯು ಸುಬ್ಬರಾಯರನ್ನೂ ಹಿಡಿಯಿತು. ಅವರನ್ನು ಉಳಿಸಿದುದು ಆಯುರ್ವೇದ ವೈದ್ಯರಾದ ಆಚಂಟ ಲಕ್ಷ್ಮೀಪತಿಗಳ ಚಿಕಿತ್ಸೆ. ಈ ನೋವೂ ಈ ಋಣವೂ ಅವರ ಮನಸ್ಸಿನಿಂದ ಮುಂದೆಂದೂ ಅಳಿಯಲಿಲ್ಲ.

ವಿದ್ಯಾರ್ಥಿದಶೆಯ ಕಡೆಯ ದಿನಗಳಲ್ಲಿ ನಡೆದ ಘಟನೆಯೊಂದು ಹೇಳತಕ್ಕುದಾಗಿದೆ. ಮಹಾತ್ಮಾ ಗಾಂಧಿಯವರು ವಿದೇಶೀ ವಸ್ತ್ರವನ್ನು ತ್ಯಜಿಸಬೇಕೆಂದು ಕರೆಕೊಟ್ಟ ಕಾಲವದು. ಸುಬ್ಬರಾಯರು ಶಸ್ತ್ರಕ್ರಿಯೆಯ ಕೊಠಡಿಗೆ ಖಾದಿಯ ನಿಲುವಂಗಿಯನ್ನು ತೊಟ್ಟು ಹೋದರು. ಶಸ್ತ್ರವೈದ್ಯದ ಪ್ರಾಧ್ಯಾಪಕರಾಗಿದ್ದ ಆಂಗ್ಲೇಯರಿಗೆ ಇದು ಹಿಡಿಸಲಿಲ್ಲ. ಬರಹದ ಪರೀಕ್ಷೆಗಳಲ್ಲಿ ಚೆನ್ನಾಗಿ ಬರೆದಿದ್ದರೂ ಪೂರ್ಣ ಎಂ.ಬಿ.ಬಿ.ಎಸ್. ಪದವಿಯು ದೊರೆಯದೆ, ಅದಕ್ಕೆ ಕೆಳಗಿನದಾದ ಎಲ್.ಎಂ.ಎಸ್. ಎಂಬ ಪತ್ರವು ಕೈಗೆ ಬಂದಿತು. ಒಂದು ತುಂಡು ಬಟ್ಟೆಯು ಒಬ್ಬ ಮನುಷ್ಯನ ಜೀವನದ ದಾರಿಯನ್ನು ತಿರುಗಿಸಿತು. ಮದರಾಸು ವೈದ್ಯ ಇಲಾಖೆಯಲ್ಲಿ ಕೆಲಸಕ್ಕಾಗಿ ಮಾಡಿದ ಪ್ರಯತ್ನವೂ ಕೈಗೂಡಲಿಲ್ಲ. ಪದವಿಯು ಪೂರ್ಣವಾಗಿ ದೊರೆತು, ಸರಕಾರದ ಆಸ್ಪತ್ರೆಯಲ್ಲಿ ಒಂದು ಕುರ್ಚಿಯೂ ದೊರೆತಿದ್ದರೆ ಅವರು ಒಬ್ಬ ಸಜ್ಜನ ವೈದ್ಯರಾಗಿ ಬಾಳಿ ಪೆನ್ಷನ್ ಪಡೆಯುತ್ತಿದ್ದರೋ ಏನೋ.

ಮದರಾಸಿನ ಆಯುರ್ವೇದ ಕಾಲೇಜಿನಲ್ಲಿ ಲಕ್ಷ್ಮೀಪತಿಗಳು ಅವರಿಗೆ ಅಂಗರಚನಾಶಾಸ್ತ್ರವನ್ನು ಬೋಧಿಸುವ ಕೆಲಸವನ್ನು ಕೊಟ್ಟರು. ಹಳೆಯ ವೈದ್ಯದ ಗುಣವನ್ನು ಸ್ವಂತ ದೇಹದಲ್ಲಿಯೇ ಕಂಡಿದ್ದ ಸುಬ್ಬರಾಯರಿಗೆ ಅದರ ಔಷಧಗಳು ಏಕೆ ಗುಣಮಾಡುವುವು, ಅವುಗಳೊಳಗಿನ ಸತ್ತ್ವವೇನು ಎಂಬುದನ್ನು ತಿಳಿಯಬೇಕೆಂಬ ಆಸೆ ಹುಟ್ಟಿತು. ಅದಕ್ಕೆ ತಕ್ಕ ಸಲಕರಣೆಗಳು ಇಲ್ಲಿ ಇರಲಿಲ್ಲ. ಅಮೆರಿಕಾ ದೇಶದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಉಷ್ಣದೇಶಗಳ ರೋಗಗಳನ್ನು ಕಲಿಸುವ ಶಾಲೆಯೊಂದಿದ್ದಿತು. ಅಲ್ಲಿಗೆ ಅರ್ಜಿಯನ್ನು ಕಳುಹಿಸಿದರು. ಪ್ರವೇಶವು ಸಿಕ್ಕಿತು, ವಿದ್ಯಾರ್ಥಿವೇತನವು ಸಿಕ್ಕಲಿಲ್ಲ. ಕಾಕಿನಾಡದ ಮಲ್ಲಾಡಿ ಸತ್ಯಲಿಂಗ ನಾಯಕರ ಧರ್ಮಸಂಸ್ಥೆಯು ನೆರವಿನ ಹಸ್ತವನ್ನು ನೀಡಿತು. ಉಳಿದುದಕ್ಕೆ ಮಾವನವರು ಒದಗಿದರು. ಕೆಲವು ವರ್ಷಗಳಲ್ಲಿ ಹಿಂದಿರುಗುವೆನೆಂಬ ಭರವಸೆಯನ್ನಿತ್ತು, ಗರ್ಭಿಣಿಯಾಗಿದ್ದ ಹೆಂಡತಿಯನ್ನು ತೌರಿನಲ್ಲಿ ಬಿಟ್ಟು ಸುಬ್ಬರಾಯರು ಹಡಗನ್ನೇರಿದರು.

೧೯೨೩ನೆಯ ಇಸವಿ ಅಕ್ಟೋಬರ್ ೨೬ರಂದು ಅವರು ಬಾಸ್ಟನ್ ನಗರವನ್ನು ಮುಟ್ಟಿದರು. ಅದೇ ವರ್ಷ ಫೆಬ್ರವರಿಯಲ್ಲಿ ಅಮೆರಿಕದ ವರಿಷ್ಠ ನ್ಯಾಯಾಲಯವು ಭಗತ್ ಸಿಂಗ್ ಥಿಂಡ್ ಎಂಬವರ ಮೊಕದ್ದಮೆಯಲ್ಲಿ ಭಾರತೀಯರು ಆ ದೇಶದ ಪೌರತ್ವಕ್ಕೆ ಅರ್ಹರಲ್ಲವೆಂದು ತೀರ್ಪು ಕೊಟ್ಟಿದ್ದಿತು. ಅಂಥ ಕಾಲದಲ್ಲಿ, ಕೈಯಲ್ಲಿ ಹೆಚ್ಚು ಕಾಸಿಲ್ಲದೆ, ಅರ್ಧ ಪದವಿಯನ್ನು ಹಿಡಿದು, ಚಳಿಗಾಲದ ಹೊಸ್ತಿಲಲ್ಲಿ ಈ ಗೋದಾವರೀ ತೀರದ ವೈದ್ಯನು ಬಂದಿಳಿದನು. ಅವರ ಪದವಿಗೆ ಅಲ್ಲಿ ಸಂಬಳದ ವೈದ್ಯವೃತ್ತಿ ಸಿಗುವಂತಿರಲಿಲ್ಲ. ಹಾರ್ವರ್ಡಿಗೆ ಸೇರಿದ ಬ್ರಿಗಮ್ ಆಸ್ಪತ್ರೆಯಲ್ಲಿ ರಾತ್ರಿಯ ಆಳಿನ ಕೆಲಸವು ದೊರೆಯಿತು. ಹಗಲೆಲ್ಲ ಪಾಠ, ಪ್ರಯೋಗ. ರಾತ್ರಿ ರೋಗಿಗಳ ಮಲಮೂತ್ರದ ಪಾತ್ರೆಗಳನ್ನು ಹೊತ್ತು ತೊಳೆಯುವುದು. ಆಚಾರವಂತರ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಈ ಕೆಲಸವು ಮೊದಲು ಹೇಗೆ ತೋರಿತೋ ಊಹಿಸಬಹುದು. ಅವರು ಅದನ್ನು ಬಿಡಲಿಲ್ಲ. ಮಠದಲ್ಲಿ ಹಾತೊರೆದ ಸೇವೆಯು ಅವರಿಗೆ ಲಭಿಸಿದುದು ಈ ರೂಪದಲ್ಲಿ.

೧೯೨೪ರಲ್ಲಿ ಉಷ್ಣದೇಶ ವೈದ್ಯದ ಡಿಪ್ಲೊಮಾ ದೊರೆಯಿತು. ಆ ವೇಳೆಗೆ ಊರಿನಿಂದ ಕೆಟ್ಟ ಸುದ್ದಿ ಬಂದಿತು. ತಂದೆಯು ಹೋದಮೇಲೆ ಹುಟ್ಟಿದ ಗಂಡುಮಗುವು ಒಂದು ವರ್ಷವೂ ತುಂಬದೆ ಸರ್ಪಿನಂಥ ಚರ್ಮದ ನಂಜಿನಿಂದ ಅಸುನೀಗಿತು. ತಂದೆಯು ಮಗುವಿನ ಮುಖವನ್ನು ಕಾಣಲಿಲ್ಲ. ಆಗಲೇ ಹಡಗು ಹತ್ತಿ ಹಿಂದಿರುಗಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಸುಬ್ಬರಾಯರು ಅಲ್ಲಿಯೇ ಉಳಿದರು. ಆಟೋ ಫೋಲಿನ್ ಎಂಬ ಆಚಾರ್ಯರು ಮುಖ್ಯಸ್ಥರಾಗಿದ್ದ ಹಾರ್ವರ್ಡ್ ವೈದ್ಯಶಾಲೆಯ ಜೀವರಸಾಯನ ವಿಭಾಗವನ್ನು ಸೇರಿ, ಸೈರಸ್ ಫಿಸ್ಕೆ ಎಂಬವರೊಡನೆ ಕೆಲಸಕ್ಕೆ ತೊಡಗಿದರು.

ಇಲ್ಲಿಂದ ಸುಬ್ಬರಾಯರ ನಿಜವಾದ ತಪಸ್ಸು ಆರಂಭವಾಗುವುದು. ರಕ್ತದಲ್ಲಿಯೂ ಮೂತ್ರದಲ್ಲಿಯೂ ಇರುವ ರಂಜಕದ ಪ್ರಮಾಣವನ್ನು ಕಂಡುಹಿಡಿಯುವುದು ಆ ಕಾಲದಲ್ಲಿ ತೊಡಕಿನ ಕೆಲಸವಾಗಿದ್ದಿತು. ಮೂಳೆಯ ರೋಗ, ಮೂತ್ರಪಿಂಡದ ರೋಗ ಇವುಗಳನ್ನು ಅರಿಯಲು ಈ ಪ್ರಮಾಣವು ವೈದ್ಯನಿಗೆ ಬೇಕು. ಫಿಸ್ಕೆ, ಸುಬ್ಬರಾಯರು ೧೯೨೫ರಲ್ಲಿ ಪ್ರಕಟಿಸಿದ ವಿಧಾನವು ಸುಲಭವಾದುದು. ಪರೀಕ್ಷಿಸಬೇಕಾದ ದ್ರವಕ್ಕೆ ಆಮ್ಲದೊಡನೆ ಮಾಲಿಬ್ಡೇಟ್ ಎಂಬ ಲವಣವನ್ನು ಕೂಡಿಸಿ, ಬಳಿಕ ಮತ್ತೊಂದು ದ್ರವ್ಯವನ್ನು ಬೆರೆಸಿದರೆ ನೀಲಿಯ ಬಣ್ಣವು ಏಳುವುದು. ರಂಜಕವು ಹೆಚ್ಚಿದಷ್ಟೂ ನೀಲಿಯು ಗಾಢವಾಗುವುದು. ಬಣ್ಣವನ್ನು ಹೋಲಿಸಿ ನೋಡಿ ಪ್ರಮಾಣವನ್ನು ಹೇಳಬಹುದು. ಈ ವಿಧಾನವು ಲೋಕದ ವೈದ್ಯಶಾಲೆಗಳಿಗೆಲ್ಲ ಹಬ್ಬಿ, ತಲೆಮಾರುಗಳ ವಿದ್ಯಾರ್ಥಿಗಳು ಇಬ್ಬರ ಹೆಸರನ್ನೂ ಬಾಯಿಪಾಠ ಮಾಡುವಂತಾಯಿತು.

ಈ ನೀಲಿಯೇ ಇನ್ನೊಂದು ದೊಡ್ಡ ರಹಸ್ಯದ ಬಾಗಿಲನ್ನು ತೆರೆಯಿತು. ಸ್ನಾಯುವಿನ ರಸದಲ್ಲಿ ರಂಜಕವನ್ನು ಅಳೆಯಹೊರಟಾಗ ಬಣ್ಣವು ಎಂದಿನಂತೆ ಕೂಡಲೆ ಏಳದೆ ಮೆಲ್ಲಮೆಲ್ಲಗೆ ಏರತೊಡಗಿತು. ಅವಸರದವನು ದ್ರವ್ಯವು ಕೆಟ್ಟಿತೆಂದು ಚೆಲ್ಲುತ್ತಿದ್ದನು. ಇವರು ಕಾದು ನೋಡಿದರು. ರಂಜಕವು ಯಾವುದೋ ಬೇರೆ ವಸ್ತುವಿನೊಡನೆ ಸಡಿಲವಾಗಿ ಕೂಡಿಕೊಂಡಿದ್ದು, ಆಮ್ಲವು ತಗುಲಿದಾಗ ನಿಧಾನವಾಗಿ ಬಿಡುಗಡೆಯಾಗುತ್ತಿರುವುದೆಂದು ತಿಳಿಯಿತು. ಆ ಸಂಯುಕ್ತವೇ ಫಾಸ್ಫೋಕ್ರಿಯೆಟಿನ್. ಸ್ನಾಯುವು ದುಡಿದಂತೆಲ್ಲ ಅದು ಕರಗುವುದು, ದಣಿವಾರಿಸಿಕೊಂಡಾಗ ಮತ್ತೆ ಕೂಡಿಕೊಳ್ಳುವುದು. ೧೯೨೭ರಲ್ಲಿ ಇದು ಪ್ರಕಟವಾಯಿತು. ಆ ಹೊತ್ತಿಗೆ ಇಂಗ್ಲೆಂಡಿನಲ್ಲಿ ಎಗಲ್ಟನ್ ದಂಪತಿಗಳೂ ಇದೇ ವಸ್ತುವಿನ ಸುಳಿವನ್ನು ಹಿಡಿದಿದ್ದರು. ಸ್ನಾಯುವಿನ ಶಕ್ತಿಗೆ ಲ್ಯಾಕ್ಟಿಕ್ ಆಮ್ಲವೇ ಮೂಲವೆಂಬ ವಾದವು ಆಗ ಪ್ರಬಲವಾಗಿದ್ದಿತು. ಸ್ನಾಯುವಿನ ವಿಷಯದ ಸಂಶೋಧನೆಗಾಗಿ ಹಿಲ್, ಮೈಯರ್‌ಹಾಫ್ ಎಂಬ ಪಂಡಿತರಿಗೆ ೧೯೨೨ರ ನೊಬೆಲ್ ಪಾರಿತೋಷಕವೂ ಸಂದಿದ್ದಿತು. ಫಾಸ್ಫೋಕ್ರಿಯೆಟಿನ್ನಿನ ಶೋಧನೆಯಿಂದ ಆ ವಾದವು ಅಲುಗಾಡತೊಡಗಿತು.

೧೯೨೯ರಲ್ಲಿ ಫಿಸ್ಕೆ, ಸುಬ್ಬರಾಯರು ಸ್ನಾಯುವಿನಿಂದ ಎ.ಟಿ.ಪಿ. ಎಂಬ ಇನ್ನೊಂದು ವಸ್ತುವನ್ನು ಬೇರ್ಪಡಿಸಿದರು. ಜರ್ಮನಿಯ ಲೋಮನ್ ಎಂಬವರೂ ಅದೇ ವರ್ಷ ಸ್ವತಂತ್ರವಾಗಿ ಅದನ್ನು ಕಂಡರು. ಈ ಎರಡರ ಸಂಬಂಧವನ್ನು ರೈತನ ಮನೆಯ ದೃಷ್ಟಾಂತದಿಂದ ತಿಳಿಯಬಹುದು. ಎ.ಟಿ.ಪಿ.ಯು ಅಂದಂದಿನ ಅಡಿಗೆಗೆ ಮನೆಯೊಳಗೆ ಇಟ್ಟ ಜೋಳ. ಫಾಸ್ಫೋಕ್ರಿಯೆಟಿನ್ ಹಗೇವಿನಲ್ಲಿಯ ಜೋಳ. ಒಳಗಿನದು ತೀರುತ್ತ ಬಂದಂತೆ ಹಗೇವಿನಿಂದ ತೆಗೆದು ತುಂಬುವರು. ಕಣ್ಣಿನ ರೆಪ್ಪೆ ಬಡಿಯುವುದು ಮೊದಲಾಗಿ ಹೃದಯದ ಮಿಡಿತದವರೆಗೆ, ಹುಳುವಿನಿಂದ ಮನುಷ್ಯನವರೆಗೆ, ಜೀವವಿರುವಲ್ಲೆಲ್ಲ ಎ.ಟಿ.ಪಿ.ಯೇ ಕೈಗೆ ಸಿಗುವ ಶಕ್ತಿಯೆಂಬುದು ಮುಂದಿನ ವಿದ್ವಾಂಸರಿಂದ ಸ್ಥಿರಪಟ್ಟಿತು. ಇಂದು ಪ್ರೌಢಶಾಲೆಯ ಮಕ್ಕಳೂ ಈ ಹೆಸರನ್ನು ಬಲ್ಲರು.

೧೯೩೦ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯವು ಸುಬ್ಬರಾಯರಿಗೆ ಪಿಎಚ್.ಡಿ. ಪದವಿಯನ್ನಿತ್ತಿತು. ಮದರಾಸಿನಲ್ಲಿ ದೊರೆಯದೆ ಹೋದ ಗೌರವವು ಬಾಸ್ಟನ್ನಿನಲ್ಲಿ ದೊರೆಯಿತೆಂದು ಹೇಳಿ ಕಥೆಯನ್ನು ಮುಗಿಸಬಹುದಾಗಿದ್ದಿತು. ನಿಜವು ಹಾಗಿಲ್ಲ. ಮುಂದಿನ ಹತ್ತು ವರ್ಷಗಳು ಅವರು ಅದೇ ವಿಭಾಗದಲ್ಲಿ ಕೆಳಗಿನ ಅಂತಸ್ತಿನ ಬೋಧಕರಾಗಿಯೇ ದುಡಿದರು. ಕಾಯಂ ಪೀಠವು ಬರಲಿಲ್ಲ. ಮಾಡಿದ ಕೆಲಸದಲ್ಲಿ ಎಷ್ಟೋ ಭಾಗವು ಬೆಳಕು ಕಾಣದೆ ಉಳಿಯಿತು. ಫಿಸ್ಕೆಯವರ ಬಳಿ ಅದೇ ವಿಭಾಗದಲ್ಲಿ ೧೯೩೩ರಲ್ಲಿ ಪಿಎಚ್.ಡಿ. ಪಡೆದ ಜಾರ್ಜ್ ಹಿಚಿಂಗ್ಸ್ ಎಂಬವರು ೧೯೮೮ರಲ್ಲಿ ನೊಬೆಲ್ ಪಾರಿತೋಷಕಕ್ಕೆ ಪಾತ್ರರಾದರು. ಸುಬ್ಬರಾಯರು ಬೇರ್ಪಡಿಸಿದ್ದ ಕೆಲವು ದ್ರವ್ಯಗಳನ್ನು ಇತರರು ಬಹುಕಾಲದ ಮೇಲೆ ಹೊಸದಾಗಿ ಕಂಡುಹಿಡಿಯಬೇಕಾಯಿತೆಂದೂ, ಮೊದಲು ಕಂಡಾಗ ಪ್ರಕಟಣೆಗೆ ಅವಕಾಶವಾಗದೆ ಹೋದುದೇ ಇದಕ್ಕೆ ಕಾರಣವೆಂದೂ ಹಿಚಿಂಗ್ಸರು ಹಿಂದಣ ದಿನಗಳನ್ನು ನೆನೆದು ಹೇಳಿದ್ದುಂಟು. ಸುಬ್ಬರಾಯರು ಮಾತ್ರ ಈ ಬಗ್ಗೆ ಬಹಿರಂಗವಾಗಿ ದೂರುತ್ತ ಹೋಗಲಿಲ್ಲ. ಈ ಮೌನವನ್ನು ಕೆಲವರು ದೌರ್ಬಲ್ಯವೆಂದು ಎಣಿಸಬಹುದು. ಹೆಸರಿನ ಬಗೆಗೆ ಅವರ ನಿರ್ಲಕ್ಷ್ಯವು ಮುಂದೆ ಅಧಿಕಾರವು ಕೈಗೆ ಬಂದಾಗಲೂ ಹಾಗೆಯೇ ಇದ್ದುದನ್ನು ಕಂಡರೆ, ಅದು ಅವರ ಸ್ವಭಾವವೇ ಆಗಿದ್ದಿತೆಂದು ಒಪ್ಪಬೇಕಾಗುವುದು.

ಈ ಹತ್ತು ವರ್ಷಗಳಲ್ಲಿ ಅವರ ಲಕ್ಷ್ಯವು ಯಕೃತ್ತಿನ ಕಡೆಗೆ ತಿರುಗಿದ್ದಿತು. ಪ್ರಾಣಿಗಳ ಯಕೃತ್ತನ್ನು ತಿನ್ನಿಸಿದರೆ ಒಂದು ಬಗೆಯ ಮಾರಕ ಪಾಂಡುರೋಗವು ಗುಣವಾಗುವುದೆಂದು ಬಾಸ್ಟನ್ನಿನ ಮೈನಾಟ್, ಮರ್ಫಿ ಎಂಬ ವೈದ್ಯರು ೧೯೨೬ರಲ್ಲಿ ತೋರಿಸಿದ್ದರು. ಯಕೃತ್ತಿನಲ್ಲಿ ಗುಣಕಾರಿಯಾದ ಸತ್ತ್ವವಾವುದು? ಇತ್ತ ಮುಂಬಯಿಯಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆಯು ಗಿರಣಿಯಲ್ಲಿ ದುಡಿಯುವ ಬಡ ಬಸುರಿಯರ ರಕ್ತಹೀನತೆಯನ್ನು ಪರೀಕ್ಷಿಸಿ, ಯೀಸ್ಟಿನ ಸಾರದಲ್ಲಿ ಅದನ್ನು ಗುಣಪಡಿಸುವ ಅಂಶವೊಂದಿದೆಯೆಂದು ೧೯೩೧ರಲ್ಲಿ ಪ್ರಕಟಿಸಿದ್ದಳು. ಅದು ಯಾವುದೆಂದು ಆಕೆಗೂ ತಿಳಿಯದು. ಸಂಗ್ರಹಣಿಯಿಂದ ರಕ್ತವು ಬತ್ತಿ ಸತ್ತ ಸಹೋದರರನ್ನು ಕಂಡಿದ್ದ ಸುಬ್ಬರಾಯರಿಗೆ ಈ ಪ್ರಶ್ನೆಯು ಕೇವಲ ಪಾಂಡಿತ್ಯದ ಪ್ರಶ್ನೆಯಾಗಿರಲಿಲ್ಲ.

೧೯೪೦ರಲ್ಲಿ ಸುಬ್ಬರಾಯರು ಹಾರ್ವರ್ಡನ್ನು ಬಿಟ್ಟು ನ್ಯೂಯಾರ್ಕ್ ಸಂಸ್ಥಾನದ ಪರ್ಲ್ ರಿವರ್ ಎಂಬಲ್ಲಿಯ ಲೆಡರ್ಲಿ ಔಷಧಸಂಸ್ಥೆಯನ್ನು ಸೇರಿದರು. ಸ್ವಲ್ಪಕಾಲದಲ್ಲಿಯೇ ಅಲ್ಲಿಯ ಸಂಶೋಧನೆಗೆಲ್ಲ ನಿರ್ದೇಶಕರಾದರು. ವ್ಯಾಪಾರದ ಸಂಸ್ಥೆಗೆ ಹೋದರಲ್ಲ ಎಂದು ಮೂಗು ಮುರಿದ ವಿದ್ವಾಂಸರು ಇದ್ದಿರಬಹುದು. ಆದರೆ ವಿಶ್ವವಿದ್ಯಾಲಯವು ಹದಿನೇಳು ವರ್ಷಗಳಲ್ಲಿ ಕೊಡದಿದ್ದ ಸಹಾಯಕರ ಪಡೆ, ಸಲಕರಣೆ, ಸ್ವಾತಂತ್ರ್ಯ ಇವು ಅವರಿಗೆ ದೊರೆತುದು ಅಲ್ಲಿಯೇ. ರಸಾಯನಜ್ಞರು, ಜೀವಾಣುಶಾಸ್ತ್ರಜ್ಞರು, ಪ್ರಾಣಿವೈದ್ಯರು ಮುಂತಾದವರನ್ನು ಒಂದೇ ಗುರಿಯತ್ತ ನಡೆಸಿದರು. ಯಕೃತ್ತಿನಿಂದ ಬೇಕಾದ ಸತ್ತ್ವವನ್ನು ಸೋಸಿ ತೆಗೆಯುವುದು ಕಡಲಿನ ನೀರಿನಲ್ಲಿ ಮುತ್ತನ್ನು ಹುಡುಕಿದಂತೆ. ಹಲವು ಮಂದಿಯ ಅನೇಕ ವರ್ಷಗಳ ದುಡಿಮೆಯ ಬಳಿಕ ೧೯೪೫ರಲ್ಲಿ ಫೋಲಿಕ್ ಆಮ್ಲವನ್ನು ಪ್ರಯೋಗಶಾಲೆಯಲ್ಲಿಯೇ ಕೃತಕವಾಗಿ ತಯಾರಿಸಿದ ಸುದ್ದಿಯು ಹೊರಬಿದ್ದಿತು. ಆ ಲೇಖನದಲ್ಲಿ ನಿರ್ದೇಶಕರ ಹೆಸರು ಹದಿನೈದು ಮಂದಿ ಸಹೋದ್ಯೋಗಿಗಳ ಹೆಸರುಗಳ ನಡುವೆ ಎಲ್ಲಿಯೋ ಅಡಗಿ ಕುಳಿತಿದೆ.

ಟಾಮ್ ಸ್ಪೈಸ್ ಎಂಬ ಅಮೆರಿಕದ ವೈದ್ಯರು ಈ ಹೊಸ ಮದ್ದನ್ನು ಕ್ಯೂಬಾ ದ್ವೀಪದ ಸ್ಪ್ರೂ ರೋಗಿಗಳಿಗೆ ಕೊಟ್ಟು ನೋಡಿದರು. ಹುಣ್ಣಾದ ನಾಲಿಗೆ ಮಾಯ್ದಿತು, ಹಸಿವು ಮರಳಿತು, ರಕ್ತವು ತುಂಬಿತು. ಭೀಮವರದ ಅಣ್ಣತಮ್ಮಂದಿರು ಸತ್ತು ಆಗ ಕಾಲು ಶತಮಾನಕ್ಕೂ ಮಿಕ್ಕಿದ್ದಿತು. ಈಗ ನಮ್ಮ ಹಳ್ಳಿಯ ಆರೋಗ್ಯ ಕೇಂದ್ರಗಳಲ್ಲಿ ಬಸುರಿಯರ ಕೈಗೆ ಕಬ್ಬಿಣದ ಅಂಶದೊಡನೆ ಕೊಡುವ ಮಾತ್ರೆಯಲ್ಲಿರುವುದೂ ಇದೇ ಫೋಲಿಕ್ ಆಮ್ಲವು. ಗರ್ಭದಲ್ಲಿ ಶಿಶುವಿನ ಬೆನ್ನುಹುರಿಯು ಸರಿಯಾಗಿ ಮುಚ್ಚಿಕೊಳ್ಳುವುದಕ್ಕೂ ಅದು ಅಗತ್ಯವೆಂದು ಮುಂದೆ ತಿಳಿದುಬಂದಿದೆ.

ಫೋಲಿಕ್ ಆಮ್ಲದ ಕಥೆಯು ಇಷ್ಟಕ್ಕೇ ನಿಲ್ಲಲಿಲ್ಲ. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಎಂಬ ವೈದ್ಯರು ರಕ್ತದ ಅರ್ಬುದದಿಂದ ನರಳುವ ಶಿಶುಗಳನ್ನು ನೋಡಿಕೊಳ್ಳುತ್ತಿದ್ದರು. ನೋಡಿಕೊಳ್ಳುವುದೆಂದರೆ ಸಾಯುವವರೆಗೆ ಕಾದಿರುವುದು, ಅಷ್ಟೇ. ಆ ರೋಗಕ್ಕೆ ಮದ್ದೇ ಇರಲಿಲ್ಲ. ಫೋಲಿಕ್ ಆಮ್ಲದ ಜಾತಿಯ ವಸ್ತುಗಳನ್ನು ಕೊಟ್ಟಾಗ ಕೆಟ್ಟ ಜೀವಕಣಗಳು ಇನ್ನೂ ವೇಗವಾಗಿ ಹೆಚ್ಚುವಂತೆ ಅವರಿಗೆ ಕಂಡಿತು. ಹಾಗಾದರೆ ಅದಕ್ಕೆ ವಿರೋಧಿಯಾದುದನ್ನು ಕೊಟ್ಟರೆ ಅವು ಹಸಿದು ಸಾಯಬೇಕಲ್ಲವೆ? ಸುಬ್ಬರಾಯರ ಬಳಗವು ಇಂಥ ವಿರೋಧಿ ವಸ್ತುಗಳನ್ನು ತಯಾರಿಸಿಕೊಟ್ಟಿತು. ಅವು ರೂಪದಲ್ಲಿ ಕಾಳಿನಂತಿದ್ದು ತಿರುಳಿಲ್ಲದ ಜೊಳ್ಳಿನ ಹಾಗೆ. ಜೀವಕಣವು ಮೋಸಹೋಗಿ ಜೊಳ್ಳನ್ನೇ ನುಂಗಿ ಬೆಳೆಯಲಾರದೆ ಹೋಗುವುದು. ಅಮಿನಾಪ್ಟೆರಿನ್ ಎಂಬ ವಸ್ತುವನ್ನು ೧೯೪೭ರ ಕೊನೆಯಲ್ಲಿ ಮೊದಲು ಪ್ರಯೋಗಿಸಲಾಯಿತು. ಹದಿನಾರು ಮಕ್ಕಳಲ್ಲಿ ಹತ್ತು ಮಂದಿಗೆ ಗುಣವು ಕಂಡಿತು. ಹಾಸಿಗೆಯಿಂದ ಏಳದ ಮಗುವು ಎದ್ದು ಆಡಿತು. ಗುಣವು ತಾತ್ಕಾಲಿಕ, ಕೆಲವು ತಿಂಗಳಲ್ಲಿ ರೋಗವು ಮರುಕಳಿಸುತ್ತಿದ್ದಿತು. ಆದರೂ ಆ ರೋಗವನ್ನು ಮದ್ದಿನಿಂದ ಹಿಮ್ಮೆಟ್ಟಿಸಬಹುದೆಂಬುದು ೧೯೪೮ರ ಜೂನ್ ತಿಂಗಳಲ್ಲಿ ಪ್ರಕಟವಾದ ಫಾರ್ಬರರ ವರದಿಯಿಂದ ಮೊದಲ ಸಲ ತಿಳಿದುಬಂದಿತು. ಇದರ ಒಡಹುಟ್ಟಾದ ಮೆಥೊಟ್ರೆಕ್ಸೇಟ್ ಎಂಬ ಮದ್ದನ್ನೂ, ಹಿಚಿಂಗ್ಸ್ ಮತ್ತು ಗರ್ಟ್ರೂಡ್ ಎಲಿಯನ್ ಎಂಬವರು ಕಂಡ ಇನ್ನೊಂದು ಮದ್ದನ್ನೂ ಬೇರೆ ಕೆಲವು ಔಷಧಗಳೊಡನೆ ಕೂಡಿಸಿ ಕೊಡುವ ಚಿಕಿತ್ಸೆಯಿಂದ ಇಂದು ಈ ರೋಗದ ಬಹುಮಂದಿ ಮಕ್ಕಳು ಬದುಕಿ ಬೆಳೆದು ದೊಡ್ಡವರಾಗುತ್ತಿರುವರು. ಹಾರ್ವರ್ಡಿನ ಒಂದೇ ವಿಭಾಗದ ಇಬ್ಬರು ವಿದ್ಯಾರ್ಥಿಗಳು ಬೇರೆ ಬೇರೆ ದಾರಿಯಿಂದ ಬಂದು ಒಂದೇ ಮಗುವಿನ ಹಾಸಿಗೆಯ ಬಳಿ ಸೇರಿದಂತಾಯಿತು.

ಎರಡನೆಯ ಮಹಾಯುದ್ಧದಲ್ಲಿ ಶಾಂತಸಾಗರದ ದ್ವೀಪಗಳಿಗೆ ಹೋದ ಅಮೆರಿಕದ ಸೈನಿಕರನ್ನು ಆನೆಕಾಲಿನ ಹುಳುವು ಕಾಡಿತು. ಸೊಳ್ಳೆಯು ಕಚ್ಚುವುದರಿಂದ ಹರಡುವ ಈ ರೋಗವು ನಮ್ಮ ನಾಡಿಗೆ ಹೊಸದಲ್ಲ. ಕರಾವಳಿಯ ಜಿಲ್ಲೆಗಳಲ್ಲಿಯೂ ಕಲಬುರಗಿ, ಬೀದರ, ರಾಯಚೂರು, ವಿಜಯಪುರದ ಸೀಮೆಯಲ್ಲಿಯೂ ಕಂಬದಂತೆ ಬಾತ ಕಾಲುಗಳನ್ನು ಎಳೆಯುತ್ತ ಜಾತ್ರೆಗೆ ಬರುವವರನ್ನು ಕಾಣದ ಹಿರಿಯರಿಲ್ಲ. ಸುಬ್ಬರಾಯರ ಮುಂದಾಳುತನದಲ್ಲಿ ನೂರಾರು ದ್ರವ್ಯಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಿ, ೧೯೪೭ರಲ್ಲಿ ಹೆಟ್ರಜಾನ್ ಎಂಬ ಮಾತ್ರೆಯನ್ನು ಕಂಡುಹಿಡಿಯಲಾಯಿತು. ಅದು ರಕ್ತದಲ್ಲಿ ತಿರುಗುವ ಎಳೆಯ ಹುಳುಗಳನ್ನು ನಾಶಪಡಿಸುವುದು. ಬಾತು ಗಟ್ಟಿಯಾದ ಕಾಲನ್ನು ಮೊದಲಿನಂತೆ ಮಾಡಲಾರದು. ಆದರೆ ಹುಳುವು ಒಬ್ಬರಿಂದ ಒಬ್ಬರಿಗೆ ಹರಡುವುದನ್ನು ತಡೆಯಬಲ್ಲುದು. ಡಿ.ಇ.ಸಿ. ಎಂಬ ಹೆಸರಿನಿಂದ ಭಾರತ ಸರಕಾರವು ೨೦೦೪ರಿಂದ ರೋಗವಿರುವ ಜಿಲ್ಲೆಗಳಲ್ಲಿ ಮನೆಮನೆಗೂ ಹಂಚಿಸುತ್ತ ಬಂದ ಮಾತ್ರೆಯು ಇದೇ.

ಇದೇ ಕಾಲದಲ್ಲಿ ಅವರು ಮಾಡಿದ ಇನ್ನೊಂದು ಕಾರ್ಯವು ಗುಣಗ್ರಾಹಿತ್ವಕ್ಕೆ ಸಾಕ್ಷಿ. ಬೆಂಜಮಿನ್ ಡುಗ್ಗರ್ ಎಂಬ ಸಸ್ಯಶಾಸ್ತ್ರಜ್ಞರು ಎಪ್ಪತ್ತು ವರ್ಷ ತುಂಬಿ ವಿಶ್ವವಿದ್ಯಾಲಯದಿಂದ ನಿವೃತ್ತರಾಗಿದ್ದರು. ಅಂಥ ವೃದ್ಧರನ್ನು ಕರೆದು ಲೆಡರ್ಲಿಯಲ್ಲಿ ಕೆಲಸ ಕೊಟ್ಟರು. ಡುಗ್ಗರರು ಊರೂರಿನ ಮಣ್ಣನ್ನು ತರಿಸಿ ಪರೀಕ್ಷಿಸುತ್ತ, ಮಿಸ್ಸೌರಿ ವಿಶ್ವವಿದ್ಯಾಲಯದ ಹೊಲದ ಮಣ್ಣಿನಲ್ಲಿ ಬಂಗಾರದ ಬಣ್ಣದ ಸೂಕ್ಷ್ಮಜೀವಿಯೊಂದನ್ನು ಕಂಡರು. ಅದರಿಂದ ಆರಿಯೋಮೈಸಿನ್ ಹುಟ್ಟಿತು. ಪೆನ್ಸಿಲಿನ್ ತಾಗದ ಅನೇಕ ರೋಗಾಣುಗಳಿಗೂ ಅದು ತಾಗಿತು. ಟೆಟ್ರಾಸೈಕ್ಲಿನ್ ಎಂಬ ಔಷಧವರ್ಗಕ್ಕೆ ಅದೇ ಮೂಲಪುರುಷ. ಶೋಧನೆಯ ಕೀರ್ತಿಯು ವೃದ್ಧರಿಗೆ ಪೂರ್ಣವಾಗಿ ಸಂದಿತು. ಸುಬ್ಬರಾಯರು ಅದರಲ್ಲಿ ಪಾಲು ಕೇಳಲಿಲ್ಲ.

ಇಷ್ಟೆಲ್ಲವನ್ನು ಬರೆದ ಮೇಲೆ ಒಂದು ಲೆಕ್ಕವು ಮಾತ್ರ ತೀರದೆ ಉಳಿಯುವುದು. ಹಡಗು ಹತ್ತುವಾಗ ಹೆಂಡತಿಗೆ ಕೊಟ್ಟ ಮಾತನ್ನು ಸುಬ್ಬರಾಯರು ನಡೆಸಲಿಲ್ಲ. ಒಂದು ಪ್ರಯೋಗವು ಮುಗಿಯುವುದರೊಳಗೆ ಮತ್ತೊಂದು ಕೈಗೆ ಹತ್ತುತ್ತಿದ್ದಿತು, ವರ್ಷಗಳು ಇಪ್ಪತ್ತೈದಾದುವು. ಆ ದಂಪತಿಗಳು ೧೯೨೩ರ ಬಳಿಕ ಒಬ್ಬರನ್ನೊಬ್ಬರು ಕಾಣಲೇ ಇಲ್ಲ. ಮಗುವನ್ನು ಕಳೆದುಕೊಂಡು, ಗಂಡನಿದ್ದೂ ಇಲ್ಲದಂತೆ ಶೇಷಗಿರಿಯಮ್ಮನವರು ಕಾದರು. ಲೋಕೋಪಕಾರವು ಇದನ್ನೆಲ್ಲ ಮರೆಸುವುದೆಂದು ಹೇಳುವುದು ಇತರರಿಗೆ ಸುಲಭ. ಆಕೆಯು ಹಾಗೆ ಹೇಳಬೇಕೆಂದು ಅಪೇಕ್ಷಿಸುವುದು ನ್ಯಾಯವಲ್ಲ. ಮಠವು ಕೊಡದ ಸಂನ್ಯಾಸವನ್ನು ಸುಬ್ಬರಾಯರು ಪ್ರಯೋಗಶಾಲೆಯಲ್ಲಿ ತಾವಾಗಿಯೇ ಸ್ವೀಕರಿಸಿದರು. ತಾಯಿಯ ಅನುಮತಿಯನ್ನು ಕೇಳಿದ ಯತಿಗಳು ಹೆಂಡತಿಯ ಅನುಮತಿಯನ್ನೂ ಕೇಳುತ್ತಿದ್ದರು. ಪ್ರಯೋಗಶಾಲೆಯಲ್ಲಿ ಹಾಗೆ ಕೇಳುವವರು ಯಾರೂ ಇರಲಿಲ್ಲ.

೧೯೪೭ರಲ್ಲಿ ಭಾರತವು ಸ್ವತಂತ್ರವಾಯಿತು. ಆ ಮೊದಲೇ, ೧೯೪೬ರಲ್ಲಿ, ಅಮೆರಿಕದ ಕಾನೂನು ತಿದ್ದುಪಡಿಯಾಗಿ ಭಾರತೀಯರಿಗೆ ಪೌರತ್ವದ ದಾರಿಯು ತೆರೆದಿದ್ದಿತು. ಸುಬ್ಬರಾಯರು ಅಲ್ಲಿಯ ಪ್ರಜೆಯಾಗದೆ ಭಾರತೀಯರಾಗಿಯೇ ಉಳಿದರು. ೧೯೪೮ನೆಯ ಇಸವಿ ಆಗಸ್ಟ್ ತಿಂಗಳ ಎರಡನೆಯ ವಾರದ ಆರಂಭದಲ್ಲಿ ಒಂದು ರಾತ್ರಿ ಮಲಗಿದವರು ಮತ್ತೆ ಏಳಲಿಲ್ಲ. ನಿದ್ರೆಯಲ್ಲಿಯೇ ಹೃದಯವು ನಿಂತಿದ್ದಿತು. ಆಗ ಅವರಿಗೆ ಐವತ್ತಮೂರು ವರ್ಷ. ಅ ಫಾರ್ಬರರ ವರದಿಯು ಅಚ್ಚಾಗಿ ಎರಡು ತಿಂಗಳಾಗಿದ್ದಿತು. ಆರಿಯೋಮೈಸಿನ್ನಿನ ಸುದ್ದಿಯು ಹೊರಬಂದು ಕೆಲವೇ ವಾರಗಳಾಗಿದ್ದುವು.

ಸ್ವದೇಶದಲ್ಲಿ ಅವರ ಹೆಸರು ಬಹುಕಾಲ ಮರೆಯಲ್ಲಿಯೇ ಇದ್ದಿತು. ಜನ್ಮಶತಾಬ್ದಿಯ ವರ್ಷವಾದ ೧೯೯೫ರಲ್ಲಿ ಭಾರತದ ಅಂಚೆ ಇಲಾಖೆಯು ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. ಅದಕ್ಕೂ ಬಹಳ ಮೊದಲು, ೧೯೫೩ರಲ್ಲಿ, ಲೆಡರ್ಲಿಯ ಶಿಲೀಂಧ್ರಶಾಸ್ತ್ರಜ್ಞರಾದ ಹೆಸೆಲ್ಟೈನ್ ಎಂಬವರು ತಾವು ಹೊಸದಾಗಿ ವರ್ಣಿಸಿದ ಒಂದು ಬೂಷ್ಟಿನ ಕುಲಕ್ಕೆ ಸುಬ್ಬರೋಮೈಸಿಸ್ ಎಂದು ನಾಮಕರಣ ಮಾಡಿದ್ದರು.